ಅಟ್ಟದಿಂದ ಇಳಿದ ಪ್ರೊಜೆಕ್ಟರ್: ಮೊದಲು ಕೈ, ಆಮೇಲೆ ಕರೆಂಟು

ಹೋದ ಮಳೆಗಾಲದಲ್ಲಿ ಬೆಳಗಾವಿ ಕ್ಯಾಂಪ್ ಕಡೆಯ ಒಬ್ಬ ಹುಡುಗ ಶಹಾಪುರದ ನನ್ನ ಅಂಗಡಿಗೆ ಒಂದು ಭಾರವಾದ ಪೆಟ್ಟಿಗೆ ತಂದಿಟ್ಟ. ಮುಚ್ಚಳ ತೆಗೆದರೆ 8 ಎಂ.ಎಂ. ಪ್ರೊಜೆಕ್ಟರ್. ಅವನ ಅಜ್ಜ ಮಿಲಿಟರಿಯಲ್ಲಿದ್ದವರು, ಎಪ್ಪತ್ತರ ದಶಕದಲ್ಲಿ ಕೊಂಡಿದ್ದಂತೆ. ಮೂವತ್ತು ವರ್ಷ ಅಟ್ಟದ ಮೇಲೇ ಇತ್ತು. ಜೊತೆಗೆ ಬಿಸ್ಕತ್ ಡಬ್ಬಿಯಲ್ಲಿ ಆರು ರೀಲು.

“ಕಾಕಾ, ಗುಂಯ್ ಅಂತೈತ್ರಿ, ತಿರಗಂಗಿಲ್ಲ.”

“ಎಷ್ಟ ಸಲ ಹಚ್ಚೀದಿ?”

“ನಾಕೈದ ಸಲ ಹಚ್ಚೀನ್ರಿ. ಕಡೀಕ ಸುಟ್ಟ ವಾಸನಿ ಬಂತು, ಬಂದ್ ಮಾಡಿದೆ.”

ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಈ ಕೆಲಸಕ್ಕೆ ಕೈ ಹಾಕಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಗಿರಾಕಿಯ ಎದುರಿಗೇ ಪ್ಲಗ್ ಹಾಕಿದೆ. ಮೋಟಾರ್ ತಿರುಗಲಿಲ್ಲ. ಈಗ ತಿರುಗುತ್ತದೆ, ಆಗ ತಿರುಗುತ್ತದೆ ಅಂತ ಕಾಯುತ್ತ ಕೂತೆ. ಕಾಯಿಲ್ ಸುಟ್ಟಿತು. ರೀವೈಂಡಿಂಗ್ ಖರ್ಚು ನನ್ನ ಜೇಬಿನಿಂದಲೇ ಹೋಯಿತು. ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಕೈ, ಆಮೇಲೆ ಕರೆಂಟು, ಆಮೇಲೆ ಬೆಳಕು, ಕೊನೆಗೆ ಫಿಲ್ಮ್. ಈ ಕ್ರಮ ತಪ್ಪಿಸಿದರೆ ಒಂದು ದೋಷದ ಹಿಂದೆ ಇನ್ನೊಂದು ಅಡಗಿ ಕೂತು ದಾರಿ ತಪ್ಪಿಸುತ್ತದೆ. ಹುಡುಗನ ಯಂತ್ರದಲ್ಲಿ ಮೂರು ದೋಷ ಇದ್ದವು. ಅವನಿಗೆ ಗೊತ್ತಾಗಿದ್ದು ಒಂದೇ.

ಕೈಯಿಂದ ತಿರುಗಿಸಿ ನೋಡುವುದು

ಪ್ಲಗ್ ಹೊರಗೆ ಇರಲಿ. ಫಿಲ್ಮ್ ಬೇಡ. ಬಹಳಷ್ಟು ಮನೆ ಪ್ರೊಜೆಕ್ಟರ್‌ಗಳಲ್ಲಿ ಮೋಟಾರ್ ತಿರುಗಿಸೋಕೆ ಒಂದು ಚಿಕ್ಕ ಗುಬ್ಬಿ ಇರುತ್ತದೆ. ಇಲ್ಲದಿದ್ದರೆ ಹಿಂದಿನ ಮುಚ್ಚಳ ತೆಗೆದು ಫ್ಯಾನನ್ನೇ ಬೆರಳಿನಿಂದ ತಿರುಗಿಸಿ. ಸರಿಯಾದ ದಿಕ್ಕಿಗೆ, ನಿಧಾನಕ್ಕೆ.

ಬೆರಳಿಗೆ ಏನು ಗೊತ್ತಾಗುತ್ತದೆ ಅನ್ನೋದರ ಮೇಲೆ ಅರ್ಧ ರೋಗ ತಿಳಿಯುತ್ತದೆ. ಸುತ್ತೆಲ್ಲ ಒಂದೇ ಸಮನೆ ಬಿಗಿ ಇದ್ದರೆ ಗ್ರೀಸ್ ಒಣಗಿದೆ. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ತಡೆದರೆ ಗೇರ್‌ನ ಹಲ್ಲು ಮುರಿದಿರಬೇಕು, ಇಲ್ಲವೇ ಶಟರ್‌ನ ರೆಕ್ಕೆ (ಬೆಳಕನ್ನು ಬಿಟ್ಟು ಬಿಟ್ಟು ಮುಚ್ಚುವುದು) ಬಾಗಿ ಎಲ್ಲೋ ತಾಗುತ್ತಿದೆ. ಫ್ಯಾನ್ ಸಲೀಸಾಗಿ ತಿರುಗುತ್ತಿದೆ, ಒಳಗೆ ಬೇರೆ ಏನೂ ಅಲುಗುತ್ತಿಲ್ಲ ಅಂದರೆ ಬೆಲ್ಟ್ ಹೋಗಿದೆ ಅಥವಾ ಗೇರ್ ಶಾಫ್ಟಿನ ಮೇಲೆ ಜಾರುತ್ತಿದೆ.

ತಿರುಗಿಸುವಾಗ ಗೇಟಿನ ಒಳಗೆ, ಅಂದರೆ ಲೆನ್ಸಿನ ಹಿಂದೆ ಫಿಲ್ಮ್ ಹಾದುಹೋಗುವ ಕಿಂಡಿಯ ಜಾಗದಲ್ಲಿ, ಟಾರ್ಚ್ ಹಾಕಿ ನೋಡಿ. ಫಿಲ್ಮಿನ ತೂತಿಗೆ ಸಿಕ್ಕಿ ಕೆಳಗೆ ಎಳೆಯುವ ಚಿಕ್ಕ ಉಗುರು ಕಾಣುತ್ತದೆ. ಕ್ಲಾ ಅಂತಾರೆ, ನಾನು ಉಗುರು ಅಂತಲೇ ಕರೆಯೋದು. ಅದು ಹೊರಗೆ ಬರಬೇಕು, ಕೆಳಗೆ ಇಳಿಯಬೇಕು, ಒಳಗೆ ಸರಿಯಬೇಕು, ಮೇಲೆ ಹೋಗಬೇಕು. ಈ ನಾಲ್ಕು ಹೆಜ್ಜೆ ಕಂಡರೆ ಯಂತ್ರದ ಜೀವ ಇದೆ ಅಂತ ಅರ್ಥ.

ಹುಡುಗನ ಯಂತ್ರ ಎಲ್ಲ ಕಡೆ ಒಂದೇ ಸಮ ಬಿಗಿ. ಕಲ್ಲಿನ ಹಾಗೆ. ಮುಚ್ಚಳ ಬಿಚ್ಚಿದೆ. ಗೇರ್‌ಗಳ ಮೇಲಿನ ಗ್ರೀಸ್ ಜೇನುಮೇಣದಂತೆ ಹಳದಿಯಾಗಿ ಗಟ್ಟಿಯಾಗಿತ್ತು. ರೀಲು ಸುತ್ತುವ ತೋಳಿನ ಬೆಲ್ಟ್ ಕರಗಿ ಡಾಂಬರಾಗಿ ಪುಲ್ಲಿಗೆ ಅಂಟಿಕೊಂಡಿತ್ತು. ರಬ್ಬರ್‌ಗೆ ವಯಸ್ಸಾದರೆ ಕೆಲವು ಬಿರುಕು ಬಿಡುತ್ತವೆ, ಕೆಲವು ಹೀಗೆ ಅಂಟಾಗುತ್ತವೆ. ಈ ಅಂಟು ಬಟ್ಟೆಗೆ ತಾಗಿದರೆ ಹೋಗುವುದೇ ಇಲ್ಲ. ಹಳೇ ಶರ್ಟ್ ಹಾಕಿಕೊಂಡೇ ಕೂತುಕೊಳ್ಳಿ.

ಗ್ರೀಸ್ ಬಿಡಿಸೋಕೆ ಬಿಸಿ ಬೇಕು. ನಮ್ಮ ಮನೆಯವರ ಹೇರ್ ಡ್ರೈಯರ್ ಈಗ ಅಂಗಡಿಯಲ್ಲೇ ಇರುತ್ತದೆ, ಅದರ ಬಗ್ಗೆ ಮನೆಯಲ್ಲಿ ಮಾತು ಬೇಡ. ಎರಡು ನಿಮಿಷ ಬಿಸಿ ಗಾಳಿ ಹೊಡೆದು, ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರಿನ ಕಡ್ಡಿಯಿಂದ ಹಲ್ಲುಗಳ ಮಧ್ಯೆ ಇರುವುದನ್ನು ಕೆದಕಿ ತೆಗೆಯಿರಿ. ಉಳಿದದ್ದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತದೆ. ಬೆಲ್ಟಿನ ಡಾಂಬರಿಗೂ ಇದೇ. ಅಸಿಟೋನ್ ಮಾತ್ರ ಹತ್ತಿರ ತರಬೇಡಿ, ಪ್ಲಾಸ್ಟಿಕ್ ಭಾಗಗಳನ್ನೂ ಫಿಲ್ಮನ್ನೂ ಕರಗಿಸಿಬಿಡುತ್ತದೆ.

ಚಿಮಣಿ ಎಣ್ಣೆ ಸುರಿದು ತಂದವರಿದ್ದಾರೆ. ಕೊಬ್ಬರಿ ಎಣ್ಣೆ ಹಾಕಿ ತಂದವರೂ ಇದ್ದಾರೆ. ಅದು ನಮ್ಮ ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟುತ್ತದೆ, ವರ್ಷ ಕಳೆದರೆ ಗೋಂದು ಆಗುತ್ತದೆ. ಡಬ್ಬಿಯ ಸ್ಪ್ರೇ ಹೊಡೆದರೆ ಆ ಹೊತ್ತಿಗೆ ತಿರುಗುತ್ತದೆ, ತಿಂಗಳಲ್ಲಿ ಮತ್ತೆ ಹಿಡಿಯುತ್ತದೆ. ಶುಚಿ ಮಾಡಿದ ಮೇಲೆ ಗೇರ್‌ಗಳಿಗೆ ಅಕ್ಕಿ ಕಾಳಿನಷ್ಟು ಲಿಥಿಯಂ ಗ್ರೀಸ್ ಸಾಕು. ಮೋಟಾರಿನ ಬುಷ್‌ಗಳಿಗೆ ಹೊಲಿಗೆ ಮಷೀನಿನ ಎಣ್ಣೆ, ಒಂದೊಂದೇ ಹನಿ. ಉಗುರಿನ ಹತ್ತಿರ ಫೆಲ್ಟ್ ತುಂಡು ಇದ್ದರೆ ಅದಕ್ಕೆ ಎರಡು ಹನಿ. ಜಾಸ್ತಿ ಹಾಕಿದರೆ ಶಟರ್ ತಿರುಗುವಾಗ ಎಣ್ಣೆ ಸಿಡಿದು ಲೆನ್ಸಿನ ಮೇಲೆ, ಫಿಲ್ಮಿನ ಮೇಲೆ ಬೀಳುತ್ತದೆ.

ಬೆಲ್ಟಿಗೆ ಪರದೇಶದಿಂದ ತರಿಸಬೇಕಿಲ್ಲ. ಪುಲ್ಲಿಗಳ ಸುತ್ತ ದಾರ ಹಾಕಿ ಅಳತೆ ತೆಗೆದುಕೊಳ್ಳಿ. ಬೆಲ್ಟ್ ಹಿಗ್ಗಿ ಕೂರಬೇಕಲ್ವಾ, ಅದಕ್ಕೆ ನೂರಕ್ಕೆ ಐದರಷ್ಟು ಕಡಿಮೆ ಹಿಡಿಯಿರಿ. ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಾಮಾನು ಮಾರುವವರ ಹತ್ತಿರ ಆ ಅಳತೆಯ ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಸಿಗುತ್ತದೆ. ತೀರಾ ಬಿಗಿ ಹಾಕಿದರೆ ಮೋಟಾರಿಗೆ ಭಾರ, ಫಿಲ್ಮನ್ನೂ ಎಳೆದು ಹರಿಯುತ್ತದೆ.

ಪ್ಲಾಸ್ಟಿಕ್ ಗೇರ್ ಸೀಳಿದ್ದರೆ ಮಾತು ಬೇರೆ. 16 ಎಂ.ಎಂ. ಯಂತ್ರಗಳಲ್ಲಿ ನೈಲಾನಿನ ವರ್ಮ್ ಗೇರ್ ಇರುವ ಮಾದರಿಗಳಿವೆ. ಶಾಫ್ಟ್ ಮೇಲೆ ಬಿಗಿಯಾಗಿ ಕೂತ ನೈಲಾನ್ ವರ್ಷಗಳಾದ ಮೇಲೆ ತಾನಾಗೇ ಬಿರಿಯುತ್ತದೆ. ಅಂಟು ಹಚ್ಚಿದರೆ ನಿಲ್ಲುವುದಿಲ್ಲ. ಲೇತ್ ಕೆಲಸದವರಿಂದ ಹೊಸದು ಕಡೆಸಬೇಕು. ಬೆಳಗಾವಿಯಲ್ಲಿ ಅದಕ್ಕೆ ಬರ ಇಲ್ಲ. ಆದರೆ ಹಳೇ ಗೇರ್ ಚೂರು ಚೂರಾಗುವ ಮುಂಚೆ ತೆಗೆದುಕೊಂಡು ಹೋಗಿ. ಹಲ್ಲಿನ ಕೋನ ಅದರಿಂದಲೇ ಅಳೆಯಬೇಕು.

ಕರೆಂಟು ಕೊಡುವುದು

ಕೈಯಿಂದ ಸಲೀಸಾಗಿ ತಿರುಗಿದ ಮೇಲೂ ನೇರ ಪ್ಲಗ್ ಬೇಡ. ಮೊದಲು ಯಂತ್ರದ ಮೇಲಿನ ಫಲಕ ಓದಿ. ಅಮೆರಿಕದಿಂದ ಬಂದದ್ದಾದರೆ 110 ಅಥವಾ 120 ವೋಲ್ಟ್ ಅಂತಿರುತ್ತದೆ. ಯುರೋಪಿನ ಎಷ್ಟೋ ಯಂತ್ರಗಳಲ್ಲಿ ವೋಲ್ಟೇಜ್ ಬದಲಿಸುವ ಚಕ್ರ ಹಿಂದೆ ಇರುತ್ತದೆ. ಅದು 240ರ ಮೇಲೆ ಇರಲಿ. ನಮ್ಮ ಓಣಿಯಲ್ಲಿ ರಾತ್ರಿ ಹತ್ತರ ಮೇಲೆ 240 ದಾಟುತ್ತದೆ. ವೋಲ್ಟೇಜ್ ನೂರಕ್ಕೆ ಐದು ಜಾಸ್ತಿಯಾದರೂ ಲ್ಯಾಂಪಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಪ್ರೊಜೆಕ್ಷನ್ ಲ್ಯಾಂಪ್ ತೆಗೆದಿಡಿ. ರೇಡಿಯೋ ರಿಪೇರಿ ಮಾಡುವವರೆಲ್ಲರ ಹತ್ತಿರ ಇರುವ ಸೀರೀಸ್ ಬೋರ್ಡಿಗೆ ಹಾಕಿ. ಅದೇ, 100 ವ್ಯಾಟಿನ ಹಳೇ ಬಲ್ಬು ಸರಣಿಯಲ್ಲಿ ಇರುವ ಹಲಗೆ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಮುಂದೆ ಹೋಗಬೇಡಿ. ಹುಡುಗನ ಯಂತ್ರದಲ್ಲಿ ಬಲ್ಬು ಮಂಕಾಯಿತು. ಕಾಯಿಲ್ ಬದುಕಿತ್ತು. ಸುಟ್ಟ ವಾಸನೆ ವಾರ್ನಿಷ್ ಬಿಸಿಯಾಗಿ ಬಂದದ್ದು. ಇನ್ನೆರಡು ಸಲ ಹಚ್ಚಿದ್ದರೆ ಕಥೆ ಮುಗೀತಿತ್ತು. ಅದರಲ್ಲೂ ಲ್ಯಾಂಪಿಗೆ ಬೇಕಾದ ಕಡಿಮೆ ವೋಲ್ಟೇಜನ್ನೂ ಮೋಟಾರಿನ ಕಾಯಿಲಿನಿಂದಲೇ ತೆಗೆಯುವ ಯಂತ್ರಗಳಿವೆ. ಅಂಥದ್ದರಲ್ಲಿ ಮೋಟಾರ್ ಸುಟ್ಟರೆ ಬೆಳಕೂ ಹೋಯಿತು.

ಗುಂಯ್ ಅಂದು ತಿರುಗದ ಮೋಟಾರಿಗೆ ಎರಡೇ ಕಾರಣ ನೋಡಿ. ಒಂದು, ಎಲ್ಲೋ ಹಿಡಿದಿದೆ. ಅದನ್ನು ಕೈಯಿಂದ ಆಗಲೇ ನೋಡಿ ಮುಗಿಸಿದ್ದೇವೆ. ಎರಡು, ಕಂಡೆನ್ಸರ್ ಹೋಗಿದೆ. ಫ್ಯಾನಿಗೆ ಕಡ್ಡಿಯಿಂದ ಒಂದು ತಳ್ಳು ಕೊಟ್ಟರೆ ಓಡತೊಡಗುತ್ತದೆ ಅಂದರೆ ಕಂಡೆನ್ಸರ್ರೇ. ಸದ್ದೂ ಇಲ್ಲ, ತಿರುಗುವುದೂ ಇಲ್ಲ ಅಂದರೆ ಫ್ಯೂಸ್, ಸ್ವಿಚ್, ವೈರ್ ನೋಡಿ. ಹಳೇ ಮಾದರಿಗಳಲ್ಲಿ ಮಿಕ್ಸರಿನ ಹಾಗೆ ಕಾರ್ಬನ್ ಬ್ರಷ್ ಇರುತ್ತವೆ, ಸವೆದಿರುತ್ತವೆ.

ಇನ್ನೊಂದು ಕಳ್ಳ ಇದ್ದಾನೆ. ಕರೆಂಟು ಬರುವ ಕಡೆ ಕೂತಿರುವ, ಗಾಜಿನಂಥ ಹಳದಿ ಮೈಯ ಚೌಕ ಕಂಡೆನ್ಸರ್. ಮೈ ತುಂಬ ಸಣ್ಣ ಬಿರುಕು ಬಿಟ್ಟಿರುತ್ತದೆ. ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದೆ, ಹತ್ತು ನಿಮಿಷಕ್ಕೆ ಟಪ್ ಅಂದು ಕೋಣೆ ತುಂಬ ಹೊಗೆ. ಬಿರುಕು ಕಂಡರೆ ಕಾಯದೆ ತೆಗೆದು ಎಕ್ಸ್2 ದರ್ಜೆಯ 275 ವೋಲ್ಟಿನದನ್ನು ಹಾಕಿ. ಲ್ಯಾಂಪಿನ ಸುತ್ತ ಬೂದು ಬಣ್ಣದ ನಾರಿನಂಥ ಹಾಳೆ ಇದ್ದರೆ ಅದನ್ನು ಕೆರೆಯಬೇಡಿ, ಊದಬೇಡಿ. ಕಲ್ನಾರು ಇರಬಹುದು. ಹಾಗೇ ಬಿಡಿ.

ಅಮೆರಿಕದ ಯಂತ್ರದ್ದು ಒಂದು ಮಾತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಅಲ್ಲಿ 60, ನಮ್ಮಲ್ಲಿ 50. ಬ್ರಷ್ ಇಲ್ಲದ ಮೋಟಾರ್ ಇಲ್ಲಿ ನಿಧಾನವಾಗಿ ಓಡುತ್ತದೆ. ಸೆಕೆಂಡಿಗೆ 18 ಚೌಕಟ್ಟು (ಫ್ರೇಮ್) ಓಡಬೇಕಾದದ್ದು ಸುಮಾರು 15 ಓಡುತ್ತದೆ. 50 ಅಡಿಯ ಸೂಪರ್ 8 (8 ಎಂ.ಎಂ.ನಲ್ಲೇ ಆಮೇಲೆ ಬಂದ ಬಗೆ) ರೀಲು 3 ನಿಮಿಷ 20 ಸೆಕೆಂಡಿಗೆ ಮುಗಿಯಬೇಕು. 4 ನಿಮಿಷ ತೆಗೆದುಕೊಂಡರೆ ಇದೇ ಕಾರಣ. ಕೆಲವು ಮೋಟಾರುಗಳ ಪುಲ್ಲಿಯಲ್ಲಿ ಎರಡು ಮೆಟ್ಟಿಲು ಇರುತ್ತವೆ. ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಸರಿಸಿದರೆ ಕೆಲಸ ಮುಗೀತು.

ಬೆಳಕು ಮಂಕು

ಮೋಟಾರ್ ಓಡಿತು. ಹುಡುಗನ ಮುಖ ಅರಳಿತು. ಲ್ಯಾಂಪ್ ಹಾಕಿದರೆ ಗೋಡೆಯ ಮೇಲೆ ಚಿಮಣಿ ದೀಪದಷ್ಟು ಬೆಳಕು.

ಎಲ್ಲರೂ ಮೊದಲು ಲ್ಯಾಂಪ್ ಬದಲಿಸುತ್ತಾರೆ. ನಾನು ಮೊದಲು ಸಾಕೆಟ್ ನೋಡುತ್ತೇನೆ. ಇದು 12 ವೋಲ್ಟ್, 100 ವ್ಯಾಟಿನ ಹ್ಯಾಲೋಜನ್. ಅಂದರೆ 8 ಆಂಪಿಯರ್ ಮೇಲೆ ಕರೆಂಟು. ಸಾಕೆಟ್ಟಿನ ತಗಡಿಗೆ ಸ್ವಲ್ಪ ಕಿಲುಬು ಹಿಡಿದಿದ್ದರೂ ಅಲ್ಲೇ ಎರಡು ಮೂರು ವೋಲ್ಟ್ ಬಿದ್ದುಹೋಗುತ್ತದೆ. ಲ್ಯಾಂಪ್ ಉರಿಯುತ್ತಿರುವಾಗ ಅದರ ಕಾಲುಗಳಲ್ಲೇ ಅಳೆಯಬೇಕು. ಬರೀ ಸಾಕೆಟ್ ಅಳೆದರೆ 12 ಚೆನ್ನಾಗಿಯೇ ತೋರಿಸುತ್ತದೆ. ಇಲ್ಲಿ ಉರಿಯುವಾಗ 9 ಇತ್ತು. ಸಾಕೆಟ್ ಕಪ್ಪಾಗಿತ್ತು. ಪಿಂಗಾಣಿಯ ಹೊಸ ಸಾಕೆಟ್ ಹಾಕಿದೆ, ಬಿಸಿ ತಡೆಯುವ ವೈರಿನ ಜೊತೆ. ಅದೇ ಹಳೇ ಲ್ಯಾಂಪ್ ಬೆಳ್ಳಗೆ ಉರಿಯಿತು.

ಲ್ಯಾಂಪನ್ನು ಮಲ್ಟಿಮೀಟರಿನಲ್ಲಿ ಅಳೆದಾಗ ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಅಂತ ಎಸೆಯಬೇಡಿ. ತಣ್ಣಗಿರುವಾಗ ತಂತಿಯ ರೋಧ ಅಷ್ಟೇ ಇರುತ್ತದೆ. ಹ್ಯಾಲೋಜನ್ ಗಾಜನ್ನು ಬರಿ ಬೆರಳಿನಿಂದ ಮುಟ್ಟಬೇಡಿ. ಮುಟ್ಟಿದರೆ ಆಲ್ಕೋಹಾಲಿನಿಂದ ಒರೆಸಿ. 100 ವ್ಯಾಟಿನ ಜಾಗಕ್ಕೆ 150 ಹಾಕಿದರೆ ಬೆಳಕು ಜಾಸ್ತಿ ಬರಬಹುದು, ಜೊತೆಗೆ ಟ್ರಾನ್ಸ್‌ಫಾರ್ಮರ್ ಕರಗುತ್ತದೆ, ಫಿಲ್ಮೂ ಸುಡುತ್ತದೆ. ಆ ಬಿಸಿಯೆಲ್ಲ ಬೀಳೋದು ಜೋಳದ ಕಾಳಿನಷ್ಟು ಜಾಗದ ಮೇಲೆ ಅನ್ನೋದು ನೆನಪಿರಲಿ. ಲ್ಯಾಂಪ್ ಮತ್ತು ಗೇಟಿನ ನಡುವೆ ಬಿಸಿ ತಡೆಯುವ ಗಾಜು ಇದ್ದರೆ ಅದು ಇರಲೇಬೇಕು.

ಬೆಳಕು ಇದ್ದೂ ಚಿತ್ರ ಮಂಜು ಮಂಜಾಗಿದ್ದರೆ ಲೆನ್ಸ್ ತೆಗೆದು ಕಿಟಕಿಗೆ ಹಿಡಿಯಿರಿ. ಜೇಡರ ಬಲೆಯಂಥ ಎಳೆ ಕಾಣುತ್ತದಾ? ಬೂಷ್ಟು. ವಿಜಯಪುರದಿಂದ ಬರುವ ಯಂತ್ರಗಳಲ್ಲಿ ಧೂಳು ಜಾಸ್ತಿ, ಬೂಷ್ಟು ಅಪರೂಪ. ಖಾನಾಪುರದ ಕಡೆಯಿಂದ ಬಂದರೆ ಲೆನ್ಸ್ ನೋಡದೆ ಬೆಲೆ ಹೇಳೋದಿಲ್ಲ, ಆ ಮಳೆಗೆ ಗಾಜೂ ಪಾಚಿಗಟ್ಟುತ್ತದೆ.

ಚಿತ್ರ ಕುಣಿಯುತ್ತದೆ

ಈಗ ಮೂರನೆಯದು. ಹುಡುಗ ಒಂದು ರೀಲು ಆರಿಸಿ ಕೊಟ್ಟ. ನಾನು ಮೊದಲು ನನ್ನ ಹತ್ತಿರ ಇರುವ ಬೇಡವಾದ ರೀಲೊಂದನ್ನೇ ಹಾಕುವುದು. ಅದನ್ನು ಬಲಿ ರೀಲು ಅಂತೀವಿ. ಹೊಸದಾಗಿ ಬಿಚ್ಚಿ ಕಟ್ಟಿದ ಯಂತ್ರಕ್ಕೆ ಯಾರದೋ ಮದುವೆ ರೀಲು ಕೊಡಬಾರದು. ಬಲಿ ರೀಲು ಚೆನ್ನಾಗಿ ಓಡಿತು. ಅಜ್ಜನ ರೀಲು ಹಾಕಿದರೆ ಚಿತ್ರ ಮೇಲೆ ಕೆಳಗೆ ಕುಣಿಯತೊಡಗಿತು.

ನೋಡಿದರೆ ಗೋಕಾಕ ಫಾಲ್ಸ್. ತೂಗು ಸೇತುವೆ ಮೇಲೆ ಸೆರಗು ಹಿಡಿದುಕೊಂಡು ಒಬ್ಬರು ನಿಂತಿದ್ದಾರೆ. “ನಮ್ಮಜ್ಜಿ!” ಅಂದ ಹುಡುಗ. ನನಗೆ ಬೇರೆ ಚಿಂತೆ. ಸೇತುವೆ ಅಲುಗುತ್ತಿದೆಯೋ, ಅಜ್ಜನ ಕೈ ಅಲುಗಿದೆಯೋ, ಪ್ರೊಜೆಕ್ಟರ್ ಕುಣಿಯುತ್ತಿದೆಯೋ?

ಇದಕ್ಕೊಂದು ಉಪಾಯ ಇದೆ. ಫ್ರೇಮಿಂಗ್ ಗುಬ್ಬಿ ತಿರುಗಿಸಿ ಎರಡು ಚೌಕಟ್ಟಿನ ನಡುವಿನ ಕಪ್ಪು ಗೆರೆಯನ್ನು ಗೋಡೆಯ ಮೇಲೆ ತನ್ನಿ. ಗೆರೆ ಅಲುಗದೆ ನಿಂತು ಚಿತ್ರ ಮಾತ್ರ ತೂಗಿದರೆ ಅದು ತೆಗೆದವರ ಕೈ ಇಲ್ಲವೇ ಸೇತುವೆ. ಗೆರೆಯೇ ಕುಣಿದರೆ ಯಂತ್ರ ಅಥವಾ ಫಿಲ್ಮಿನ ದೋಷ. ಬೆಳಕಿನ ಚೌಕದ ಅಂಚೂ ಸೇರಿ ಎಲ್ಲವೂ ಅಲುಗಿದರೆ ಮೇಜಿನ ಕಾಲಿಗೆ ರಟ್ಟು ಕೊಡಿ, ಬೇರೇನೂ ಬೇಡ.

ಇಲ್ಲಿ ಗೆರೆಯೇ ಕುಣಿಯುತ್ತಿತ್ತು. ನಿಲ್ಲಿಸಿ ಫಿಲ್ಮಿನ ತುದಿ ಬೆಳಕಿಗೆ ಹಿಡಿದೆ. ತೂತು ದೊಡ್ಡದು, ಎರಡು ಚೌಕಟ್ಟುಗಳ ನಡುವಿನ ಗೆರೆಯ ಪಕ್ಕ ಇದೆ. ಅಂದರೆ ಇದು ಹಳೆಯ ಸ್ಟ್ಯಾಂಡರ್ಡ್ 8, ಕೊಡ್ಯಾಕ್ 1932ರಲ್ಲಿ ತಂದದ್ದು. ನನ್ನ ಬಲಿ ರೀಲು 1965ರಲ್ಲಿ ಬಂದ ಸೂಪರ್ 8. ಅದರ ತೂತು ಚಿಕ್ಕದು, ಚೌಕಟ್ಟಿನ ನಡುಮಧ್ಯಕ್ಕೆ ಸರಿಯಾಗಿರುತ್ತದೆ. ಅಗಲ ಎರಡಕ್ಕೂ ಒಂದೇ 8 ಎಂ.ಎಂ., ಮೋಸ ಹೋಗುವುದು ಅಲ್ಲೇ. ತೂತಿನಿಂದ ತೂತಿಗೆ ಸ್ಟ್ಯಾಂಡರ್ಡಿನಲ್ಲಿ 3.81 ಎಂ.ಎಂ., ಸೂಪರಿನಲ್ಲಿ 4.23. ಈ ಯಂತ್ರ ಎರಡನ್ನೂ ಓಡಿಸುತ್ತದೆ, ಅದಕ್ಕೊಂದು ಸನ್ನೆ (ಲಿವರ್) ಇದೆ. ಅದು ಸೂಪರ್ ಕಡೆಗಿತ್ತು. ಈ ಕಡೆ ತಳ್ಳಿದೆ. ಗೆರೆ ಗೀಟು ಎಳೆದಂತೆ ನಿಂತಿತು. ರೀಲಿನ ನಡುವಿನ ತೂತು ನೋಡಿದರೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸ್ಟ್ಯಾಂಡರ್ಡಿಗೆ ಚಿಕ್ಕದು, ಸೂಪರಿಗೆ ದೊಡ್ಡದು. ಆದರೆ ಯಾರೋ ಬೇರೆ ರೀಲಿಗೆ ಸುತ್ತಿಟ್ಟಿರುತ್ತಾರೆ. ಫಿಲ್ಮಿನ ತೂತನ್ನೇ ನಂಬಿ.

ಸನ್ನೆ ಸರಿ ಇದ್ದೂ ಕುಣಿದರೆ ಲೂಪ್ ನೋಡಿ. ಗೇಟಿನ ಮೇಲೂ ಕೆಳಗೂ ಫಿಲ್ಮ್ ಸ್ವಲ್ಪ ಸಡಿಲವಾಗಿ ಬಳುಕಿ ನಿಂತಿರಬೇಕು. ಹಲ್ಲಿನ ಚಕ್ರ ಒಂದೇ ಸಮನೆ ಎಳೆಯುತ್ತದೆ, ಉಗುರು ಬಿಟ್ಟು ಬಿಟ್ಟು ಎಳೆಯುತ್ತದೆ. ಇಬ್ಬರ ಜಗಳ ಬಿಡಿಸುವುದು ಆ ಬಳುಕು. ಹರಿದ ತೂತು ಬಂದಾಗ ಲೂಪ್ ಹೋಗುತ್ತದೆ, ಟರ್ರ್ ಅನ್ನೋ ಸದ್ದು ಬರುತ್ತದೆ. ತಕ್ಷಣ ನಿಲ್ಲಿಸಿ. ಇನ್ನು ಗೇಟಿನಲ್ಲಿ ಫಿಲ್ಮಿನ ಮೇಲ್ಪದರ ಕೆರೆದು ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೂ ಊದುಬತ್ತಿ ಕಡ್ಡಿಯೇ. ಬ್ಲೇಡು, ಸೂಜಿ ಬೇಡ. ಒಂದು ಗೀರು ಬಿದ್ದರೆ ಮುಂದೆ ಓಡುವ ಪ್ರತಿ ರೀಲಿಗೂ ಆ ಗೀರು.

ಬಿಳಿ ಅಕ್ಷರಗಳಿಗೆ ಮೇಲಕ್ಕೋ ಕೆಳಕ್ಕೋ ಬಾಲ ಬಂದಂತೆ ಕಂಡರೆ ಶಟರ್ ಹೊಂದಾಣಿಕೆ ತಪ್ಪಿದೆ. ಗೇರ್ ಬಿಚ್ಚಿ ಹಾಕಿದವರು ಗುರುತು ಮಾಡಿಕೊಳ್ಳದಿದ್ದರೆ ಹೀಗಾಗುತ್ತದೆ. ಕೈಯಿಂದ ತಿರುಗಿಸಿ ನೋಡಿ, ಉಗುರು ಕೆಳಗೆ ಇಳಿಯತೊಡಗುವ ಮುಂಚೆ ಶಟರ್‌ನ ರೆಕ್ಕೆ ಕಿಂಡಿಯನ್ನು ಪೂರ್ತಿ ಮುಚ್ಚಿರಬೇಕು, ಉಗುರು ನಿಂತ ಮೇಲೆಯೇ ತೆರೆಯಬೇಕು.

ಹುಡುಗ ಮೊಬೈಲ್ ತೆಗೆದು ಗೋಡೆಯನ್ನು ವಿಡಿಯೋ ಮಾಡಿಕೊಂಡ. “ಕಾಕಾ, ಇದರಾಗ ಕರಿ ಪಟ್ಟಿ ಬರಾಕತ್ತಾವ.” ಅದು ದೋಷ ಅಲ್ಲ. ಮೂರು ರೆಕ್ಕೆಯ ಶಟರ್ 16 ಚೌಕಟ್ಟಿನ ವೇಗಕ್ಕೆ ಸೆಕೆಂಡಿಗೆ 48 ಸಲ ಬೆಳಕು ಕತ್ತರಿಸುತ್ತದೆ. ಮೊಬೈಲಿನ 30ಕ್ಕೂ ಅದಕ್ಕೂ ತಾಳ ಕೂಡುವುದಿಲ್ಲ. ಬರಿಗಣ್ಣಿಗೆ ಮಿಣುಕು ಕಂಡರೆ ಮಾತ್ರ ಚಿಂತೆ ಮಾಡಿ, ಆಗ ವೇಗ ಕಡಿಮೆಯಾಗಿದೆ ಅಂತ ಅರ್ಥ.

ಸದ್ದಿನ ಯಂತ್ರ ನನ್ನ ಹತ್ತಿರ ಕಡಿಮೆ ಬರುತ್ತವೆ. 16 ಎಂ.ಎಂ.ನಲ್ಲಿ ಸದ್ದು ಬರದಿದ್ದರೆ ಫಿಲ್ಮಿನ ಅಂಚಿನ ಸದ್ದಿನ ಪಟ್ಟಿಗೆ ಬೆಳಕು ಬಿಡುವ ಚಿಕ್ಕ ಎಕ್ಸೈಟರ್ ಲ್ಯಾಂಪ್ ಉರಿಯುತ್ತಿದೆಯಾ ನೋಡಿ. ಉರಿಯುತ್ತಿದ್ದರೆ ಅದರ ಬೆಳಕಿಗೆ ಅಡ್ಡ ಒಂದು ಲಗ್ನಪತ್ರಿಕೆ ಆಡಿಸಿ. ಸ್ಪೀಕರಿನಲ್ಲಿ ಪಟ್ ಪಟ್ ಬಂದರೆ ಆಂಪ್ಲಿಫೈಯರ್ ಸರಿ ಇದೆ, ಫಿಲ್ಮ್ ಹಾದುಹೋಗುವ ದಾರಿಯನ್ನು ಶುಚಿ ಮಾಡಿ. ತುಟಿಗೂ ಮಾತಿಗೂ ತಾಳೆ ಇಲ್ಲದಿದ್ದರೆ ಕೆಳಗಿನ ಲೂಪ್ ಅಳತೆ ತಪ್ಪಿದೆ. ಚಿತ್ರಕ್ಕಿಂತ ಸದ್ದು 26 ಚೌಕಟ್ಟು ಮುಂದೆ ಇರುತ್ತದೆ.

ಓಡಿಸದ ಆರನೇ ರೀಲು

ಐದು ರೀಲು ನೋಡಿದೆವು. ಆರನೆಯದರ ಡಬ್ಬಿ ತೆಗೆದರೆ ಮೂಗಿಗೆ ರಪ್ಪಂತ ವಿನೆಗರ್ ವಾಸನೆ. ಫಿಲ್ಮಿನ ಪ್ಲಾಸ್ಟಿಕ್, ಅಂದರೆ ಅಸಿಟೇಟ್, ತಾನೇ ಕೊಳೆಯುವಾಗ ಈ ಹುಳಿ ವಾಸನೆ ಬರುತ್ತದೆ. ಅಂಚು ಅಲೆಅಲೆಯಾಗಿತ್ತು, ಕುಗ್ಗಿತ್ತು. ಕುಗ್ಗಿದ ಫಿಲ್ಮಿನ ತೂತು ಉಗುರಿಗೆ ಕೂಡುವುದಿಲ್ಲ, ಒಂದೊಂದಾಗಿ ಹರಿಯುತ್ತ ಹೋಗುತ್ತದೆ. “ಒಮ್ಮೆ ಹಾಕ್ರಿ” ಅಂತ ಹುಡುಗ ಬಹಳ ಕೇಳಿಕೊಂಡ. ನಾನು ಹಾಕಲಿಲ್ಲ. ಹಲ್ಲಿನ ಚಕ್ರ ಇಲ್ಲದ ಸ್ಕ್ಯಾನರಿನಲ್ಲಿ ಡಿಜಿಟಲ್ ಮಾಡಿಸು ಅಂದೆ. ಅಲ್ಲಿವರೆಗೆ ಅದನ್ನು ಬೇರೆ ರಟ್ಟಿನ ಡಬ್ಬಿಯಲ್ಲಿ, ಉಳಿದ ಐದರಿಂದ ದೂರ ಇಡಬೇಕು. ಆ ಹುಳಿ ಗಾಳಿ ಪಕ್ಕದ ರೀಲಿಗೂ ತಗಲುತ್ತದೆ. ಗಾಳಿಯಾಡದ ಬಿಸ್ಕತ್ ಡಬ್ಬಿ ಅದಕ್ಕೆ ಬೇಡವೇ ಬೇಡ.

ಯಂತ್ರವನ್ನು ಮತ್ತೆ ಅಟ್ಟಕ್ಕೆ ಏರಿಸಬೇಡ ಅಂತಲೂ ಹೇಳಿದೆ. ಅಂಗಡಿಯವರೆಲ್ಲ ಅಮಾವಾಸ್ಯೆ ಪೂಜೆ ಮಾಡುತ್ತಾರಲ್ಲ, ಅವತ್ತೇ ಲ್ಯಾಂಪ್ ಹಚ್ಚದೆ ಹತ್ತು ನಿಮಿಷ ಓಡಿಸು. ಗ್ರೀಸ್ ಹರಿದಾಡುತ್ತದೆ, ಬೆಲ್ಟ್ ಒಂದೇ ಕಡೆ ಬಾಗಿ ಕೂರುವುದಿಲ್ಲ.

ಹೋದ ಅಮಾವಾಸ್ಯೆಗೆ ಫೋನ್ ಬಂತು. “ಕಾಕಾ, ಮೊದಲ ಕೈಲೆ ತಿರಿವೀನ್ರಿ. ಸಲೀಸ ಐತಿ. ಈಗ ಹಚ್ಚಲೇನ್ರಿ?”